ದೇವರು ಸುಮ್ಮನೆ ಕ್ಷಮಿಸಿಬಿಡಬಾರದೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಮನುಷ್ಯನು ದೇವರಿಗೆ ತಿರುಗಿಬಿದ್ದವನೆಂದು ಕ್ರೈಸ್ತ ಧರ್ಮ ಏಕೆ ಹೇಳುತ್ತದೆ, ಆ ದ್ರೋಹಕ್ಕೆ ಕ್ರಿಸ್ತನ ಮರಣವೆಂಬ ಪ್ರಾಯಶ್ಚಿತ್ತ ಏಕೆ ಬೇಕಾಯಿತು ಎಂಬುದು ಎಲ್ಲ ಪತ್ರಗಳ ತಿರುಳು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಈ ಸಲದ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಯಾರಿಗೂ ಕೇಡು ಬಗೆಯದೆ, ದುಡಿದು, ಮನೆಯವರನ್ನು ನೋಡಿಕೊಂಡು ಬದುಕಿದವನು. ದೇವರ ವಿರುದ್ಧ ಒಂದು ಮಾತನ್ನೂ ಆಡಿದವನಲ್ಲ. ಹೀಗಿರುವಾಗ ‘ನಾವೆಲ್ಲರೂ ದೇವರಿಗೆ ದ್ರೋಹ ಮಾಡಿದವರು’ ಎಂದು ಪ್ರಸಂಗದಲ್ಲಿ ಕೇಳಿದಾಗ ನೋವಾಗುತ್ತದೆ. ಅಷ್ಟಕ್ಕೂ ಒಂದು ಹಣ್ಣು ತಿಂದದ್ದನ್ನು ದಂಗೆಯೆನ್ನುವುದು ಅತಿಯಾಗಲಿಲ್ಲವೇ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ದ್ರೋಹ ಎಂದೊಡನೆ ಎತ್ತಿದ ಮುಷ್ಟಿ, ದೇವದೂಷಣೆ, ರಕ್ತಪಾತ ಇಂಥವೇ ಕಣ್ಣಮುಂದೆ ಬರುತ್ತವೆ. ಆದರೆ ಸತ್ಯವೇದವು (ಬೈಬಲ್) ಹೇಳುವ ಮೊದಲ ದ್ರೋಹದ ಕಥೆಯಲ್ಲಿ ಇವು ಯಾವುವೂ ಇಲ್ಲ. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ದೇವರು ತೋಟದ ಮರಗಳ ಹಣ್ಣನ್ನೆಲ್ಲ ಯಥೇಚ್ಛವಾಗಿ ತಿನ್ನಲು ಕೊಟ್ಟು, ಒಂದೇ ಒಂದು ಮರವನ್ನು ಬೇಡವೆನ್ನುತ್ತಾನೆ. 3ನೆಯ ಅಧ್ಯಾಯಕ್ಕೆ ಬಂದರೆ ಸರ್ಪವು ಇದನ್ನೇ ತಲೆಕೆಳಗು ಮಾಡಿ, ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದು ನಿಜವೋ ಎಂದು ಕೇಳುತ್ತದೆ. ಕೊಡುಗೈಯವನನ್ನು ಜಿಪುಣನೆಂದು ತೋರಿಸುವುದು ಅದರ ಮೊದಲ ಉಪಾಯ; ನೀವು ತನ್ನ ಸಮಾನರಾಗುವಿರೆಂದು ತಿಳಿದೇ ಆತನು ನಿಮ್ಮನ್ನು ತಡೆದಿದ್ದಾನೆ ಎಂಬ ಸಂಶಯವನ್ನು ಬಿತ್ತುವುದು ಎರಡನೆಯದು. ಆದಾಮ ಹವ್ವರು ಹಣ್ಣಿಗೆ ಕೈ ಚಾಚುವ ಹೊತ್ತಿಗೆ ದ್ರೋಹದ ಬಹುಭಾಗ ನಡೆದುಹೋಗಿತ್ತು. ಎಲ್ಲವನ್ನೂ ಕೊಟ್ಟವನ ಒಳ್ಳೆಯತನದ ಮೇಲಿನ ನಂಬಿಕೆ ಮುರಿದು, ಒಳಿತು ಕೆಡುಕುಗಳನ್ನು ನಾವೇ ತೀರ್ಮಾನಿಸಿಕೊಳ್ಳುತ್ತೇವೆ ಎಂಬ ನಿಲುವಿಗೆ ಅವರು ಬಂದಾಗಿತ್ತು. ಅನಂತರದ ಅಡಗಿಕೊಳ್ಳುವಿಕೆ, ‘ನೀನು ಕೊಟ್ಟ ಸ್ತ್ರೀಯೇ ಕಾರಣ’ ಎಂದು ಹೆಂಡತಿಯ ಜೊತೆಗೆ ದೇವರ ಮೇಲೂ ತಪ್ಪು ಹೊರಿಸುವ ಆದಾಮನ ಮಾತು, ಎಲ್ಲವೂ ಆ ಮುರಿದ ನಂಬಿಕೆಯಿಂದಲೇ ಹೊರಟವು.

ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಮನುಷ್ಯರ ಅಪರಾಧಗಳ ಉದ್ದವಾದ ಪಟ್ಟಿಯನ್ನು ಕೊಡುತ್ತಾನೆ. ಆ ಪಟ್ಟಿ ಆರಂಭವಾಗುವುದಕ್ಕೆ ಮುನ್ನ ಆತನು ಮೂಲದೋಷವೆಂದು ಹೇಳುವುದು ಬಹಳ ಸಾಧಾರಣವಾಗಿ ಕಾಣುವ ಸಂಗತಿಯನ್ನು: ಅವರು ದೇವರನ್ನು ಅರಿತಿದ್ದರೂ ಆತನನ್ನು ದೇವರೆಂದು ಘನಪಡಿಸಲಿಲ್ಲ, ಆತನಿಗೆ ಕೃತಜ್ಞರಾಗಿರಲಿಲ್ಲ. ಪ್ರವಾದಿ ಯೆಶಾಯನ ಪುಸ್ತಕವೂ ಇದೇ ದೂರಿನೊಂದಿಗೆ ತೆರೆಯುತ್ತದೆ. ಸಾಕಿ ಸಲಹಿದ ಮಕ್ಕಳೇ ತನಗೆ ತಿರುಗಿಬಿದ್ದರೆಂದೂ, ಎತ್ತು ತನ್ನ ಯಜಮಾನನನ್ನು ಬಲ್ಲದು, ತನ್ನ ಜನರಿಗೆ ಅಷ್ಟೂ ತಿಳಿವಿಲ್ಲವೆಂದೂ ದೇವರು ಅಲ್ಲಿ ಹೇಳುತ್ತಾನೆ. ಅದು ಅಧಿಕಾರ ಕಳೆದುಕೊಂಡ ಅರಸನ ಕೋಪಕ್ಕಿಂತ ಹೆಚ್ಚಾಗಿ ತಂದೆಯೊಬ್ಬನ ಸಂಕಟ.

ಆದ್ದರಿಂದ ನಿಮ್ಮ ಪ್ರಾಮಾಣಿಕ ದುಡಿಮೆಯನ್ನಾಗಲಿ, ಮನೆಯವರ ಮೇಲಿನ ನಿಮ್ಮ ಪ್ರೀತಿಯನ್ನಾಗಲಿ ಯಾರೂ ಸುಳ್ಳೆನ್ನುತ್ತಿಲ್ಲ. ಸತ್ಯವೇದದ ಪ್ರಶ್ನೆ ಬೇರೆಯದು. ಉಸಿರನ್ನೂ ಬುದ್ಧಿಯನ್ನೂ ಪ್ರೀತಿಸುವ ಶಕ್ತಿಯನ್ನೂ ಕೊಟ್ಟವನಿಗೆ ನಮ್ಮ ಬದುಕಿನಲ್ಲಿ ಕೊಡುವವನ ಸ್ಥಾನವಿದೆಯೇ, ಇಲ್ಲವೇ ಆತನಿಲ್ಲದಿದ್ದರೂ ಏನೂ ವ್ಯತ್ಯಾಸವಾಗದು ಎಂಬಂತೆ ನಾವು ಬದುಕಿದ್ದೇವೆಯೇ? ಗದ್ದಲವಿಲ್ಲದ, ಮರ್ಯಾದಸ್ಥ ಬದುಕೊಂದು ಇಡಿಯಾಗಿ ದೇವರಿಗೆ ಬೆನ್ನು ಮಾಡಿ ಸಾಗಿಬಿಡಬಹುದು. ಇದನ್ನು ಪ್ರಸಂಗಿಗಳು ಬೈಗುಳದಂತೆ ಹೇಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಪೌಲನು ‘ಎಲ್ಲರೂ ಪಾಪಮಾಡಿದ್ದಾರೆ’ ಎಂದಾಗ ತನ್ನನ್ನು ಹೊರಗಿಟ್ಟು ಹೇಳಲಿಲ್ಲ.

ಪ್ರಶ್ನೆ: ಆದಾಮನ ತಪ್ಪಿಗೆ ನಾನೇಕೆ ಹೊಣೆಗಾರನಾಗಬೇಕು? ತಂದೆಯ ಪಾಪವನ್ನು ಮಗನು ಹೊರಬೇಕಾಗಿಲ್ಲವೆಂದು ಸತ್ಯವೇದವೇ ಹೇಳುವುದಿಲ್ಲವೇ?

ಉತ್ತರ: ಹೇಳುತ್ತದೆ, ಬಹಳ ಸ್ಪಷ್ಟವಾಗಿಯೇ ಹೇಳುತ್ತದೆ. ಹೆತ್ತವರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಇನ್ನು ಮುಂದೆ ಎತ್ತಬಾರದೆಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯದಲ್ಲಿ ದೇವರು ಆಣೆಯಿಟ್ಟು ನುಡಿಯುತ್ತಾನೆ. ಈ ವಿಷಯದಲ್ಲಿ ಸಭೆಗಳೆಲ್ಲ ಒಂದೇ ರೀತಿ ಯೋಚಿಸಿಲ್ಲವೆಂಬುದನ್ನೂ ನೀವು ತಿಳಿದಿರಬೇಕು. ಮನುಷ್ಯನು ಸ್ವಂತ ಪ್ರಯತ್ನದಿಂದಲೇ ಪಾಪವಿಲ್ಲದೆ ಬದುಕಬಲ್ಲನೆಂದು ಪೆಲಾಗಿಯಸ್ ಎಂಬ ಬೋಧಕನು ಬೋಧಿಸಿದಾಗ, ಉತ್ತರ ಆಫ್ರಿಕದ ಬಿಷಪನಾದ ಅಗಸ್ಟೀನನು ಅದನ್ನು ತೀವ್ರವಾಗಿ ವಿರೋಧಿಸಿದನು; 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಪೆಲಾಗಿಯಸನ ಬೋಧನೆಯನ್ನು ತಳ್ಳಿಹಾಕಿತು. ಅಗಸ್ಟೀನನನ್ನು ಅನುಸರಿಸಿದ ಪಶ್ಚಿಮದ ಸಂಪ್ರದಾಯದಲ್ಲಿ ಆದಾಮನ ಅಪರಾಧವೂ ನಮಗೆ ಬಂದಿದೆ ಎಂಬ ಮಾತು ಬಲವಾಗಿ ಬೆಳೆಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಾದರೋ, ನಾವು ಪಡೆದುಕೊಂಡು ಬಂದಿರುವುದು ಮರಣವನ್ನೂ ಕೆಟ್ಟ ಒಲವನ್ನೂ ಹೊರತು ಆದಾಮನ ವೈಯಕ್ತಿಕ ಅಪರಾಧವನ್ನಲ್ಲ ಎನ್ನುತ್ತವೆ.

ಈ ಎರಡನೆಯ ಮಾತು ಯೆಹೆಜ್ಕೇಲನಿಗೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಹಾಗೆಂದು ನಮ್ಮ ಸ್ಥಿತಿಯೇನೂ ಹಗುರವಾಗುವುದಿಲ್ಲ. ಪಾಪವು ಒಬ್ಬನಿಂದ ಲೋಕಕ್ಕೆ ಬಂದಿತೆಂದು ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಹೇಳುವ ಪೌಲನು, ಅದೇ ವಾಕ್ಯದಲ್ಲಿ ಎಲ್ಲರೂ ಪಾಪಮಾಡಿದ್ದರಿಂದ ಮರಣವು ಎಲ್ಲರಲ್ಲಿಯೂ ವ್ಯಾಪಿಸಿತೆಂದು ಸೇರಿಸುತ್ತಾನೆ. ಆದಾಮನು ಆರಂಭಿಸಿದ್ದನ್ನು ನಾವು ಪ್ರತಿಯೊಬ್ಬರೂ ನಮ್ಮ ಇಚ್ಛೆಯಿಂದಲೇ ಮುಂದುವರಿಸಿದ್ದೇವೆ. ಮಗುವಿಗೆ ಸುಳ್ಳು ಹೇಳುವುದನ್ನು ಯಾರೂ ಕುಳಿತು ಕಲಿಸಬೇಕಾಗಿಲ್ಲ ಎಂಬುದನ್ನು ಮಕ್ಕಳನ್ನು ಬೆಳೆಸಿದವರೆಲ್ಲ ಬಲ್ಲರು.

ಪ್ರಶ್ನೆ: ನಮಗೆ ತಪ್ಪು ಮಾಡಿದವರನ್ನು ಲೆಕ್ಕವಿಡದೆ ಕ್ಷಮಿಸಬೇಕೆಂದು ಯೇಸುವೇ ಬೋಧಿಸಿದನು. ತಪ್ಪಿಹೋದ ಮಗನ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ತಂದೆಯು ಯಾವ ಬಲಿಯನ್ನೂ ಕೇಳದೆ ಮಗನನ್ನು ಅಪ್ಪಿಕೊಳ್ಳುತ್ತಾನೆ. ಮನುಷ್ಯರು ಮಾಡಬಹುದಾದದ್ದನ್ನು ದೇವರು ಮಾಡಲಾರನೇ? ಕ್ಷಮಿಸುವುದಕ್ಕೆ ರಕ್ತವೇಕೆ?

ಉತ್ತರ: ಬಂದ ಪ್ರಶ್ನೆಗಳಲ್ಲಿ ಅತ್ಯಂತ ಗಂಭೀರವಾದದ್ದು ಇದು. ಸಾಮ್ಯದಿಂದಲೇ ಆರಂಭಿಸೋಣ. ಕಿರಿಯ ಮಗನು ತಂದೆ ಬದುಕಿರುವಾಗಲೇ ಪಾಲು ಕೇಳುತ್ತಾನೆ, ಅಂದರೆ ನೀನು ಸತ್ತಂತೆ ಎನ್ನುತ್ತಾನೆ. ಧರ್ಮೋಪದೇಶಕಾಂಡದ ನಿಯಮದಂತೆ ಹಿರಿಯ ಮಗನಿಗೆ ಎರಡು ಪಾಲಾದ್ದರಿಂದ, ಕಿರಿಯನು ಹಾಳುಮಾಡಿದ್ದು ಆಸ್ತಿಯ ಮೂರನೆಯ ಒಂದು ಭಾಗ. ಅವನು ಹಿಂದಿರುಗಿದ ದಿನ ಆ ನಷ್ಟ ಎಲ್ಲಿಗೆ ಹೋಯಿತು? ಮಗನ ಬಳಿ ಕಾಸಿಲ್ಲ. ತಂದೆಯೇ ಅದನ್ನು ನುಂಗಿಕೊಂಡನು. ಮುದುಕನಾದ ಯಜಮಾನನು ಎಲ್ಲರೆದುರು ಓಡಿಹೋಗಿ, ಮಗನು ತಂದ ಅವಮಾನವನ್ನು ತನ್ನ ಮೈಮೇಲೆ ಎಳೆದುಕೊಂಡನು. ಅರಸನು ಸೇವಕನೊಬ್ಬನ ಹತ್ತು ಸಾವಿರ ತಲಾಂತು ಸಾಲವನ್ನು ಬಿಟ್ಟುಬಿಟ್ಟ ಇನ್ನೊಂದು ಸಾಮ್ಯವನ್ನೂ ನೋಡಿರಿ. ಒಂದು ತಲಾಂತು ಸುಮಾರು 6,000 ದಿನಗಳ ಕೂಲಿಗೆ ಸಮ. ಹಾಗಾದರೆ ಆ ಸಾಲ 6 ಕೋಟಿ ದಿನಗಳ ಕೂಲಿ. ಸೇವಕನ ಪುಸ್ತಕದಿಂದ ಅಳಿಸಿದ ಅಷ್ಟೂ ಹಣ ಅರಸನ ಬೊಕ್ಕಸಕ್ಕೆ ಬರಬೇಕಾಗಿದ್ದದ್ದು. ಕ್ಷಮೆ ಪಡೆಯುವವನಿಗೆ ಉಚಿತವಾಗಿ ಸಿಗುತ್ತದೆ, ಕೊಡುವವನಿಗೆ ಎಂದೂ ಉಚಿತವಾಗಿರುವುದಿಲ್ಲ. ಆಳವಾದ ಗಾಯ ಮಾಡಿದವರನ್ನು ನಿಜವಾಗಿ ಕ್ಷಮಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದರೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರವಾಗದು, ಏಕೆಂದರೆ ನಾನು ನನಗಾದ ನೋವನ್ನು ಕ್ಷಮಿಸುವುದಕ್ಕೂ ಸಮಸ್ತ ಲೋಕಕ್ಕೆ ನ್ಯಾಯಾಧಿಪತಿಯಾದವನು ಒಬ್ಬರ ಮೇಲೊಬ್ಬರು ನಡೆಸಿದ ಅನ್ಯಾಯವನ್ನು ಕ್ಷಮಿಸುವುದಕ್ಕೂ ವ್ಯತ್ಯಾಸವಿದೆ. ಅರಸ ದಾವೀದನು ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡನಾದ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದನು. ಪ್ರವಾದಿ ನಾತಾನನು ಬಂದು ಎಚ್ಚರಿಸಿದಾಗ ದಾವೀದನು ಪಾಪವನ್ನು ಒಪ್ಪಿಕೊಂಡನು. ಯೆಹೋವನು ನಿನ್ನ ಪಾಪವನ್ನು ಪರಿಹರಿಸಿದ್ದಾನೆ ಎಂದು ನಾತಾನನು ಒಡನೆಯೇ ಹೇಳಿದನು. ಮಗನ ಮರಣ, ಮನೆಯೊಳಗಿನ ಕತ್ತಿ, ಹೀಗೆ ಆ ಪಾಪದ ಫಲವನ್ನು ದಾವೀದನು ಉಂಡದ್ದು ನಿಜ. ಆದರೂ ಕೊಲೆಗೆ ಮರಣಶಿಕ್ಷೆಯೆನ್ನುವ ಧರ್ಮಶಾಸ್ತ್ರದಡಿಯಲ್ಲಿ ಕೊಲೆಗಾರನು ಉಳಿದುಕೊಂಡನು. ಹಾಗಾದರೆ ಊರೀಯನ ಪಕ್ಷದಲ್ಲಿ ನಿಲ್ಲುವವರು ಯಾರು? ಸುಮ್ಮನೆ ಕ್ಷಮಿಸಿಬಿಡಬಾರದೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ದಾವೀದನ ಜಾಗದಲ್ಲಿ ನಿಂತು ಕೇಳುತ್ತೇವೆ. ಊರೀಯನ ಜಾಗದಲ್ಲಿ ನಿಂತವನಿಗೆ ಅಂಥ ಕ್ಷಮೆ ಎರಡನೆಯ ಅನ್ಯಾಯವಾಗಿ ತೋರುವುದಿಲ್ಲವೇ?

ಮೋಶೆಯ ಧರ್ಮಶಾಸ್ತ್ರವೂ ಈ ತೊಡಕನ್ನು ಬಲ್ಲದು. ಯಾಜಕಕಾಂಡದ 4ನೆಯ ಅಧ್ಯಾಯದ ದೋಷಪರಿಹಾರಕ ಯಜ್ಞಗಳು ಮುಖ್ಯವಾಗಿ ತಿಳಿಯದೆ ಮಾಡಿದ ತಪ್ಪುಗಳಿಗಾಗಿ ಇದ್ದವು. ಬೇಕೆಂದೇ ಕೈಯೆತ್ತಿ ದೇವರನ್ನು ಧಿಕ್ಕರಿಸಿದವನಿಗೆ ಅರಣ್ಯಕಾಂಡದ 15ನೆಯ ಅಧ್ಯಾಯವು ಯಾವ ಯಜ್ಞವನ್ನೂ ಸೂಚಿಸದೆ, ಅವನನ್ನು ಕುಲದಿಂದ ತೆಗೆದುಹಾಕಬೇಕೆನ್ನುತ್ತದೆ. ನೀನು ಯಜ್ಞವನ್ನು ಅಪೇಕ್ಷಿಸುವವನಲ್ಲ, ಅಪೇಕ್ಷಿಸಿದರೆ ಕೊಡುತ್ತಿದ್ದೆ ಎಂದು ದಾವೀದನು 51ನೆಯ ಕೀರ್ತನೆಯಲ್ಲಿ ಗೋಳಾಡುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅವನ ಅಪರಾಧಕ್ಕೆ ತರಬಹುದಾದ ಬಲಿಯೇ ಇರಲಿಲ್ಲ. ವರ್ಷದಲ್ಲಿ ಒಂದು ದಿನ ಮಾತ್ರ ದ್ರೋಹದ ಹೆಸರನ್ನೇ ಎತ್ತಿ ಪರಿಹಾರ ನಡೆಯುತ್ತಿತ್ತು. ಏಳನೆಯ ತಿಂಗಳ ಹತ್ತನೆಯ ದಿನವಾದ ದೋಷಪರಿಹಾರಕ ದಿನದಲ್ಲಿ ಮಹಾಯಾಜಕನು ವೈಭವದ ಉಡುಪನ್ನು ತೆಗೆದಿಟ್ಟು, ಸಾದಾ ನಾರಿನ ಬಟ್ಟೆಯುಟ್ಟು, ಮೊದಲು ತನ್ನ ಪಾಪಕ್ಕಾಗಿ ಹೋರಿಯ ರಕ್ತವನ್ನು, ಅನಂತರ ಜನರಿಗಾಗಿ ಹೋತದ ರಕ್ತವನ್ನು ಆರಾಧನಾ ಸ್ಥಳದ ಅತ್ಯಂತ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಾನದೊಳಗೆ ತಂದು, ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನದ ಮೇಲೆ ಚಿಮುಕಿಸುತ್ತಿದ್ದನು. ಜೀವದಿಂದಿದ್ದ ಇನ್ನೊಂದು ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಇಸ್ರಾಯೇಲರ ಪಾಪಗಳನ್ನೂ ದ್ರೋಹಗಳನ್ನೂ ಅರಿಕೆಮಾಡಿ, ಅದನ್ನು ಮರುಭೂಮಿಗೆ ಕಳುಹಿಸಿಬಿಡಲಾಗುತ್ತಿತ್ತು. ಆ ರಕ್ತವು ಹಸಿದ ದೇವರಿಗೆ ಮನುಷ್ಯನು ಕೊಡುವ ಆಹಾರವೆಂದು ಭಾವಿಸಬೇಡಿರಿ. ಯಾಜಕಕಾಂಡದ 17ನೆಯ ಅಧ್ಯಾಯದಲ್ಲಿ, ಪ್ರಾಣವು ರಕ್ತದಲ್ಲಿದೆ, ದೋಷಪರಿಹಾರಕ್ಕಾಗಿ ಅದನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಎಂದು ದೇವರು ಹೇಳುತ್ತಾನೆ. ಇಲ್ಲಿ ಕೊಡುವವನು ಮನುಷ್ಯನಿಗಿಂತ ಮೊದಲು ದೇವರೇ.

ಆದರೂ ಮರುವರ್ಷ ಅದೇ ದಿನ ಅದೆಲ್ಲವೂ ಮತ್ತೆ ನಡೆಯಬೇಕಾಗಿತ್ತು. ಹೋರಿ ಹೋತಗಳ ರಕ್ತದಿಂದ ಪಾಪವನ್ನು ತೆಗೆದುಹಾಕಲು ಸಾಧ್ಯವಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯ ನೇರವಾಗಿ ಹೇಳುವುದು ಇದಕ್ಕಾಗಿಯೇ. ಹಾಗಾದರೆ ದೇವರು ದಾವೀದನಂಥವರನ್ನು ಅಷ್ಟು ಕಾಲ ಕ್ಷಮಿಸುತ್ತಾ ಬಂದದ್ದು ಯಾವ ಆಧಾರದ ಮೇಲೆ? ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಪೌಲನು ಉತ್ತರಿಸುವುದು ಈ ಪ್ರಶ್ನೆಯನ್ನೇ: ದೇವರು ಹಿಂದಿನ ಪಾಪಗಳನ್ನು ಸಹನೆಯಿಂದ ದಂಡಿಸದೆ ಬಿಟ್ಟಿದ್ದನು, ಈಗ ಕ್ರಿಸ್ತನನ್ನು ಮುಂದಿಟ್ಟು, ತಾನು ನೀತಿವಂತನೆಂದೂ ಯೇಸುವನ್ನು ನಂಬುವವರನ್ನು ನೀತಿವಂತರೆಂದು ನಿರ್ಣಯಿಸುವವನೆಂದೂ ತೋರಿಸಿದನು. ಶಿಲುಬೆಯು ದೇವರ ಕ್ಷಮೆಗೆ ಅಡ್ಡವಾಗಿ ನಿಂತ ಷರತ್ತಲ್ಲ, ಊರೀಯನನ್ನು ಮರೆಯದೆ ದಾವೀದನನ್ನು ಬದುಕಿಸಲು ದೇವರು ತಾನೇ ತೆತ್ತ ಬೆಲೆ. ಸಾಮ್ಯದ ತಂದೆ ನಷ್ಟವನ್ನು ನುಂಗಿಕೊಂಡಂತೆ ದೇವರು ನುಂಗಿಕೊಂಡದ್ದು ಎಲ್ಲಿ ಎಂದರೆ ಅಲ್ಲಿ. ಆ ಸಾಮ್ಯವನ್ನು ಬರೆದಿಟ್ಟ ಲೂಕನೇ ಕೆಲವು ಅಧ್ಯಾಯಗಳ ಅನಂತರ, ಪಾತ್ರೆಯನ್ನು ಹಿಡಿದು ‘ನಿಮಗೋಸ್ಕರ ಸುರಿಸಲ್ಪಡುವ ನನ್ನ ರಕ್ತ’ ಎಂದ ಯೇಸುವನ್ನು ನಮಗೆ ತೋರಿಸುತ್ತಾನೆ.

ಪ್ರಶ್ನೆ: ಹಾಗಿದ್ದರೂ ತಪ್ಪು ಮಾಡಿದವನನ್ನು ಬಿಟ್ಟು ನಿರಪರಾಧಿಯನ್ನು ಶಿಕ್ಷಿಸುವುದು ಯಾವ ನ್ಯಾಯ? ಭೂಮಿಯ ಯಾವ ನ್ಯಾಯಾಲಯವೂ ಇದನ್ನು ಒಪ್ಪುವುದಿಲ್ಲ.

ಉತ್ತರ: ಒಪ್ಪಬಾರದು ಕೂಡ. ಸತ್ಯವೇದವೂ ನಿಮ್ಮ ಪಕ್ಷದಲ್ಲಿದೆ. ಇಸ್ರಾಯೇಲರು ಚಿನ್ನದ ಕರುವನ್ನು ಪೂಜಿಸಿದಾಗ ಮೋಶೆಯು ಬೆಟ್ಟ ಹತ್ತಿ, ಅವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನು ಅಳಿಸಿಬಿಡು ಎಂದು ಬೇಡಿಕೊಂಡನು. ಅಷ್ಟು ದೊಡ್ಡ ಮನಸ್ಸಿನ ಬೇಡಿಕೆಯನ್ನೂ ದೇವರು ಒಪ್ಪಲಿಲ್ಲ. ಪಾಪಮಾಡಿದವನ ಹೆಸರನ್ನೇ ಅಳಿಸುವೆನೆಂದನು. ಯಾವನೂ ತನ್ನ ಸಹೋದರನಿಗಾಗಿ ಈಡು ಕೊಡಲಾರನೆಂದು 49ನೆಯ ಕೀರ್ತನೆಯೂ ಹೇಳುತ್ತದೆ. ಮನುಷ್ಯರಲ್ಲಿ ಮೂರನೆಯವನೊಬ್ಬನನ್ನು ಎಳೆತಂದು ನಮ್ಮ ಬದಲಿಗೆ ನಿಲ್ಲಿಸುವ ದಾರಿ ಹೀಗೆ ಮೊದಲೇ ಮುಚ್ಚಿಹೋಗಿದೆ.

ಕ್ರೈಸ್ತರು ಹೇಳುವುದು ಮೂರನೆಯವನೊಬ್ಬನ ವಿಷಯವನ್ನಲ್ಲ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನಗೆ ಸಂಧಾನಪಡಿಸಿಕೊಂಡನು ಎಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮಾತು. ಶಿಲುಬೆಯ ಮೇಲೆ ಇದ್ದವನು ದ್ರೋಹಕ್ಕೆ ಗುರಿಯಾದ ದೇವರೇ ಮನುಷ್ಯನಾಗಿ ಬಂದವನು, ಮತ್ತು ಆತನು ಬಲವಂತದಿಂದ ಬಂದವನಲ್ಲ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಕೋಪಗೊಂಡ ತಂದೆಯನ್ನು ಪ್ರೀತಿಯ ಮಗನು ತಡೆದು ಸಮಾಧಾನಪಡಿಸಿದನು ಎಂಬಂತೆ ಕೆಲವರು ವರ್ಣಿಸುವುದುಂಟು. ಅದು ತಂದೆಯನ್ನೂ ಮಗನನ್ನೂ ಎರಡು ಮನಸ್ಸಿನವರನ್ನಾಗಿ ಒಡೆದುಬಿಡುವುದರಿಂದ, ಆ ವರ್ಣನೆಯನ್ನು ನಾವು ಕೈಬಿಟ್ಟರೆ ಒಳ್ಳೆಯದು. ಮಗನನ್ನು ಕಳುಹಿಸಿದ್ದೇ ತಂದೆಯ ಪ್ರೀತಿ.

ಶಿಲುಬೆಯ ಕಾರ್ಯವನ್ನು ಒಂದೇ ರೀತಿಯಲ್ಲಿ ವಿವರಿಸಬೇಕೆಂದು ಪುರಾತನ ಸಭೆಯು ಯಾರನ್ನೂ ಕಟ್ಟಿಹಾಕಲಿಲ್ಲ. ಸಭೆಯ ನಂಬಿಕೆಯನ್ನು ಸಾರುವ 381ರ ವಿಶ್ವಾಸಪ್ರಮಾಣವು ಕ್ರಿಸ್ತನು ‘ನಮಗೋಸ್ಕರ’ ಶಿಲುಬೆಗೆ ಹಾಕಲ್ಪಟ್ಟನೆಂದಷ್ಟೇ ಹೇಳಿ ನಿಲ್ಲುತ್ತದೆ. ಸೈತಾನನ ಸೆರೆಯಿಂದ ಬಿಡಿಸಲು ಕೊಟ್ಟ ಈಡು ಎಂದು 3ನೆಯ ಶತಮಾನದ ಆರಿಗೆನ್ ಮುಂತಾದವರೂ, ದೇವರ ಪ್ರೀತಿಯನ್ನು ಕಂಡು ನಮ್ಮ ಹೃದಯ ಕರಗಲೆಂದು ಎಂದು 12ನೆಯ ಶತಮಾನದ ಅಬೆಲಾರ್ಡನೂ, ನಮಗೆ ಬರಬೇಕಾದ ದಂಡನೆಯನ್ನು ಆತನು ಹೊತ್ತನೆಂದು 16ನೆಯ ಶತಮಾನದ ಕ್ಯಾಲ್ವಿನನೂ ವಿವರಿಸಿದರು. ಇವುಗಳಲ್ಲಿ ಯಾವುದನ್ನೂ ಬಿಸಾಡಲು ನಾನು ಸಿದ್ಧನಿಲ್ಲ. ಆದರೆ ಪ್ರೀತಿಯ ಪ್ರದರ್ಶನವೆಂದಷ್ಟೇ ಹೇಳಿ ನಿಲ್ಲಿಸಿದರೆ ಊರೀಯನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಮಾಡಿದ ಪಾಪಕ್ಕೆ ಸಮನಾಗಿ ಪುಣ್ಯಕಾರ್ಯಗಳನ್ನು ಮಾಡಿ ಸರಿದೂಗಿಸಬಾರದೇ?

ಉತ್ತರ: ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು 1098ರಲ್ಲಿ ಮುಗಿಸಿದ, ದೇವರು ಮನುಷ್ಯನಾದದ್ದು ಏಕೆಂಬುದನ್ನು ಕುರಿತ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಇಂದಿನ ಪ್ರೀತಿ, ಪ್ರಾರ್ಥನೆ, ದಾನ, ವಿಧೇಯತೆ ಎಲ್ಲವೂ ಇಂದು ನಾನು ದೇವರಿಗೆ ಸಲ್ಲಿಸಲೇಬೇಕಾದವು. ನಿನ್ನೆಯ ಬಾಕಿಗೆ ಕೊಡಲು ಅದರಲ್ಲಿ ಹೆಚ್ಚುವರಿ ಏನೂ ಉಳಿಯುವುದಿಲ್ಲ. ಆ ವಾದವನ್ನು ಮೀರಿಸುವ ಉತ್ತರವನ್ನು ನಾನು ಕಂಡಿಲ್ಲ.

ಪ್ರಶ್ನೆ: ಬಹಳ ಹಿಂದೆ ನನ್ನ ವ್ಯವಹಾರದ ಪಾಲುದಾರರಿಗೆ ಮೋಸ ಮಾಡಿ ನಷ್ಟವುಂಟುಮಾಡಿದೆ. ದೇವರ ಮುಂದೆ ಅತ್ತು ಅರಿಕೆಮಾಡಿಕೊಂಡಿದ್ದೇನೆ. ಕ್ರಿಸ್ತನು ಎಲ್ಲವನ್ನೂ ತೀರಿಸಿದ್ದಾನೆಂದು ನಂಬಿದ್ದೇನೆ. ಇನ್ನು ಅವರ ಬಳಿಗೆ ಹೋಗುವ ಅಗತ್ಯವಿದೆಯೇ? ಅವರು ಇನ್ನೂ ಬದುಕಿದ್ದಾರೆ.

ಉತ್ತರ: ಇದೆ. ಯಾಜಕಕಾಂಡದ 6ನೆಯ ಅಧ್ಯಾಯವು ನಿಮ್ಮಂಥ ಪ್ರಸಂಗವನ್ನೇ ಕುರಿತದ್ದು. ನೆರೆಯವನಿಗೆ ಮೋಸಮಾಡಿದವನು ಮೊದಲು ಅಪಹರಿಸಿದ್ದನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರೊಂದಿಗೆ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕು. ಪ್ರಾಯಶ್ಚಿತ್ತದ ಟಗರನ್ನು ಯಾಜಕನ ಬಳಿಗೆ ತರುವ ಮಾತು ಬರುವುದು ಅನಂತರ. ಯಜ್ಞವೇದಿಯ ಬಳಿಯಲ್ಲಿ, ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂದು ಯೇಸುವೂ ಹೇಳಿದನು. ಕ್ರಿಸ್ತನು ತೀರಿಸಿದ್ದು ದೇವರ ಮುಂದೆ ನಾವು ತೀರಿಸಲಾಗದ ಸಾಲವನ್ನು. ನಾವು ತೀರಿಸಬಲ್ಲ ಸಾಲವನ್ನು ನೆರೆಯವನ ತಲೆಯ ಮೇಲೆಯೇ ಬಿಟ್ಟುಬಿಡಲು ಶಿಲುಬೆಯನ್ನು ನೆಪ ಮಾಡುವುದು ಆ ನೆರೆಯವನಿಗೆ ಎರಡನೆಯ ಸಲ ಮಾಡುವ ಮೋಸ. ಸುಂಕ ವಸೂಲಿಗಾರನಾದ ಜಕ್ಕಾಯನನ್ನು ನೆನೆಯಿರಿ. ಯೇಸು ತಾನಾಗಿಯೇ ಅವನ ಮನೆಗೆ ಬಂದ ಮೇಲೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆಂದು ಅವನು ಎದ್ದು ನಿಂತನು. ಕ್ಷಮೆಯನ್ನು ಕೊಂಡುಕೊಳ್ಳಲು ಅವನು ಹಣ ಕೊಡಲಿಲ್ಲ; ಕೃಪೆ ಮನೆಯೊಳಗೆ ಬಂದದ್ದರಿಂದ ಮುಚ್ಚಿದ್ದ ಕೈ ತೆರೆಯಿತು.

ನಷ್ಟದ ಲೆಕ್ಕವನ್ನು ನಿಮ್ಮ ಕಡೆಗೆ ವಾಲದಂತೆ ಪ್ರಾಮಾಣಿಕವಾಗಿ ಹಾಕಿರಿ. ಒಂದೇ ಸಲ ಕೊಡಲಾಗದಿದ್ದರೆ ಕಂತುಗಳಲ್ಲಿ ಕೊಡುವುದಾಗಿ ಬರೆದುಕೊಡಿರಿ. ಅವರನ್ನು ಕಾಣಲು ಹೋದಾಗ ಕ್ಷಮೆಯ ಬಗ್ಗೆ ವಚನಗಳನ್ನು ಹೇಳಿ ಅವರನ್ನು ಒತ್ತಾಯಿಸಬೇಡಿರಿ. ಮಾಡಿದ್ದನ್ನು ನೆಪಗಳಿಲ್ಲದೆ ಒಪ್ಪಿಕೊಂಡು, ಅವರು ಸಿಟ್ಟಿನಿಂದ ಆಡುವ ಮಾತುಗಳನ್ನು ಎದುರಾಡದೆ ಕೇಳಿಸಿಕೊಳ್ಳಿರಿ. ಕ್ಷಮಿಸುವುದೂ ಬಿಡುವುದೂ ಅವರಿಗೆ ಸೇರಿದ್ದು, ಹಣವನ್ನು ಹಿಂದಿರುಗಿಸುವುದು ಮಾತ್ರ ಅವರ ಉತ್ತರವನ್ನು ಅವಲಂಬಿಸಿಲ್ಲ.